31ನೆಯ ತಾರೀಖು ಯಾರದು: ಅವ್ವನ ಪಾಳಿಯ ಮೇಲೆ ಒಂದು ಕಪ್ಪು ಹಾಸ್ಯ ನಾಟಕ ಬರೆದು ಆಡಿಸುವ ಬಗೆ

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆ ಎಂದರೆ ತೇರು, ಕುಸ್ತಿ ಮತ್ತು ನಾಟಕ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಪ್ರತಿ ವರ್ಷ ವೃತ್ತಿ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಡೇರೆ ಹಾಕುತ್ತವೆ. ಸಣ್ಣ ಊರುಗಳಲ್ಲಿ ಊರಿನ ಹುಡುಗರೇ ಬಣ್ಣ ಹಚ್ಚಿಕೊಳ್ಳುತ್ತಾರೆ. ಮುಧೋಳ ತಾಲ್ಲೂಕಿನ ಇಂಥ ಹವ್ಯಾಸಿ ತಂಡಗಳಿಗೆ ನಾಟಕ ಬರೆದುಕೊಡುತ್ತ, ತಾಲೀಮು ಮಾಡಿಸುತ್ತ ಬಂದಿದ್ದೇನೆ. ಅಣ್ಣತಮ್ಮಂದಿರ ಹೊಲದ ಜಗಳವನ್ನು ನಮ್ಮ ರಂಗದ ಮೇಲೆ ಎಷ್ಟೋ ಸಲ ನೋಡಿದ್ದೇವೆ. ಆದರೆ ಹೊಲ ಹಂಚಿಕೊಂಡ ಮೇಲೆ ಅವ್ವನನ್ನು ಹಂಚಿಕೊಳ್ಳುವ, ಅವಳು ಯಾವ ತಿಂಗಳು ಯಾವ ಮಗನ ಮನೆಯಲ್ಲಿ ಇರಬೇಕೆಂದು ಲೆಕ್ಕ ಹಾಕುವ ಜಗಳವನ್ನು ನೋಡಿದ್ದು ಕಡಿಮೆ. ಅದನ್ನು ಬರೆಯಬೇಕೆನ್ನುವ ತಂಡಗಳಿಗಾಗಿ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಈ ವಸ್ತುವನ್ನು ಕಣ್ಣೀರಿನ ನಾಟಕವಾಗಿ ಬರೆಯುವುದು ಸುಲಭ, ಆದರೆ ಅದರಿಂದ ಆಗುವುದು ಅಷ್ಟರಲ್ಲೇ ಇದೆ. ಕೆಟ್ಟ ಮಗ, ಕೆಟ್ಟ ಸೊಸೆ, ದೇವರಂಥ ತಾಯಿ ಎಂದು ತೋರಿಸಿದರೆ ಕೂತವರೆಲ್ಲ ತಾಯಿಯ ಪರವಾಗಿ ಅತ್ತು, ಕೆಟ್ಟ ಮಗ ಬೇರೆ ಯಾರೋ ಎಂದುಕೊಂಡು ಮನೆಗೆ ಹೋಗುತ್ತಾರೆ. ಕಪ್ಪು ಹಾಸ್ಯದಲ್ಲಿ, ಎಂದರೆ ನೋವಿನ ಸಂಗತಿಯಿಂದಲೇ ನಗು ಹುಟ್ಟಿಸುವ ನಾಟಕದಲ್ಲಿ, ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ನಕ್ಕವನು ಆ ಲೆಕ್ಕವನ್ನು ತಾನೂ ಹಾಕಿದ್ದವನೇ ಆಗಿರುತ್ತಾನೆ, ನಕ್ಕ ಮರುಕ್ಷಣ ಅದು ಅವನಿಗೆ ತಿಳಿಯುತ್ತದೆ. ಆದ್ದರಿಂದ ಮೊದಲನೆಯ ಪುಟ ಬರೆಯುವ ಮುಂಚೆಯೇ ಒಂದು ಕಟ್ಟಳೆ ಹಾಕಿಕೊಳ್ಳಿರಿ: ನಗು ಮಕ್ಕಳ ಲೆಕ್ಕದಿಂದ ಹುಟ್ಟಬೇಕು, ಮುದುಕಿಯ ಮೈಯಿಂದ ಹುಟ್ಟಬಾರದು. ಈ ಕಟ್ಟಳೆ ನನಗೆ ತಪ್ಪು ಮಾಡಿದ ಮೇಲೆ ತಿಳಿಯಿತು. ನನ್ನ ಮೊದಲ ನಾಟಕದಲ್ಲಿ ಮುದುಕಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಒಂದು ಪ್ರಸಂಗ ಬರೆದಿದ್ದೆ, ಜನ ಬಿದ್ದು ಬಿದ್ದು ನಕ್ಕರು. ಅದೇ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಸೆರಗು ಹೊದ್ದುಕೊಂಡು, ಮೊಮ್ಮಗಳ ಕೈ ಹಿಡಿದು, ನಿಧಾನವಾಗಿ ಎದ್ದು ಹೋದಳು. ಆ ಪುಟವನ್ನು ಮರುದಿನವೇ ಹರಿದೆ. ಈಗಲೂ ತಾಲೀಮಿನ ಮೊದಲ ದಿನ ಹುಡುಗರಿಗೆ ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ.

ಸಾಮಗ್ರಿಯನ್ನು ಕೂಡಿಹಾಕಲು ಒಂದು ತಿಂಗಳಾದರೂ ಇಟ್ಟುಕೊಳ್ಳಿರಿ. ಬ್ಯಾಂಕಿನ ಬಾಗಿಲಲ್ಲಿ, ಉಪನೋಂದಣಿ ಕಚೇರಿಯ ಕಟ್ಟೆಯ ಮೇಲೆ, ಬಾಗಲಕೋಟೆ ಮತ್ತು ವಿಜಯಪುರದ ದವಾಖಾನೆಗಳ ಹೊರಗಿನ ಬೆಂಚುಗಳಲ್ಲಿ ಜನ ಆಡಿಕೊಳ್ಳುವ ಮಾತನ್ನು ಕೇಳಿರಿ. ಪಿಂಚಣಿಗೆ ನಮ್ಮಲ್ಲಿ ‘ಪಗಾರ’ ಎನ್ನುತ್ತಾರೆ, ಹಿಸ್ಸೆ ಆಗುವುದಕ್ಕೆ ‘ವಾಟ್ನಿ’ ಎನ್ನುತ್ತಾರೆ, ತಾಯಿ ಒಂದೊಂದು ತಿಂಗಳು ಒಂದೊಂದು ಮಗನ ಹತ್ತಿರ ಇರುವುದಕ್ಕೆ ‘ಪಾಳಿ’ ಎನ್ನುತ್ತಾರೆ. ಪಾಳಿ ಎಂಬ ಈ ಮಾತು ನೀರು ಬಿಡುವುದಕ್ಕೂ ಹೊಂದುತ್ತದೆ, ಕಾರ್ಖಾನೆಯ ಕೆಲಸಕ್ಕೂ ಹೊಂದುತ್ತದೆ, ಅವ್ವನಿಗೂ ಹೊಂದುತ್ತದೆ. ನಾಟಕದ ಅರ್ಧ ಹಾಸ್ಯ ಈ ಒಂದು ಶಬ್ದದಲ್ಲಿಯೇ ಕೂತಿದೆ. ಕೇಳಿದ್ದನ್ನು ಯಾವುದೋ ಒಂದು ಮನೆಯ ಗುರುತು ಸಿಗುವಂತೆ ಮಾತ್ರ ಬರೆಯಬೇಡಿರಿ. ಊರಿನಲ್ಲಿ ನಾಟಕ ಆಡುವವರು ಮರುದಿನ ಅದೇ ಊರಿನಲ್ಲಿ ಬಾಳಬೇಕು. ಮೂರು ಮನೆಗಳ ಮಾತನ್ನು ಒಂದು ಮನೆಗೆ ಸೇರಿಸಿ, ಮಕ್ಕಳ ಸಂಖ್ಯೆ, ಕಸುಬು ಮತ್ತು ಓಣಿ ಬದಲಿಸಿರಿ.

ಇನ್ನು ಕಥೆಯ ಯಂತ್ರ. ಇದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಂಥ ನಾಟಕ ಕೆಡುವುದು ಇಲ್ಲಿಯೇ. ‘ಮಕ್ಕಳು ತಾಯಿಯನ್ನು ನೋಡಿಕೊಳ್ಳುವುದಿಲ್ಲ’ ಎಂಬುದು ದೂರು, ಅದರಿಂದ ಕಥೆ ನಡೆಯುವುದಿಲ್ಲ. ಕಥೆ ನಡೆಯಲು ಎಣಿಸಿ ತೋರಿಸಬಹುದಾದ ಒಂದು ತಕರಾರು ಬೇಕು. ನಾನು ಉಪಯೋಗಿಸಿದ್ದು ಕ್ಯಾಲೆಂಡರನ್ನು. ಅವ್ವ ತೀರಿಹೋದ ಶಾಲಾ ಮಾಸ್ತರರ ಹೆಂಡತಿ, ಅವಳಿಗೆ ಕುಟುಂಬ ಪಿಂಚಣಿ ಇದೆ. ಗಂಡುಮಕ್ಕಳು ಮೂವರು, ಪಾಳಿ ಜನವರಿಯಿಂದ ಶುರು. ದೊಡ್ಡವನಿಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ನಡುವಿನವನಿಗೆ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ಸಣ್ಣವನಿಗೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್. ದಿನಗಳನ್ನು ಕೂಡಿಸಿ ನೋಡಿರಿ. ದೊಡ್ಡವನ ಪಾಲಿಗೆ 123 ದಿನ ಬರುತ್ತವೆ, ನಡುವಿನವನಿಗೆ 120, ಸಣ್ಣವನಿಗೆ 122. ಯಾರೂ ಮೋಸ ಮಾಡಿಲ್ಲ, ಲೆಕ್ಕವೇ ಹಾಗೆ ಬಿದ್ದಿದೆ. ಅವ್ವ ಯಾರ ಮನೆಯಲ್ಲಿ ಇರುತ್ತಾಳೋ ಆ ತಿಂಗಳ ಪಗಾರ ಅವರಿಗೆ ಎಂದು ಮಾತಾಗಿದ್ದರಿಂದ, ನಡುವಿನವನು ಫೆಬ್ರವರಿಯಲ್ಲಿ 28 ದಿನ ಉಣ್ಣಿಸಿ ಪೂರ್ತಿ ತಿಂಗಳ ಹಣ ಪಡೆಯುತ್ತಾನೆ. ದೊಡ್ಡವನು ವರ್ಷಕ್ಕೆ ಮೂರು ಹೆಚ್ಚಿನ ದಿನಗಳ ಮಾತು ತೆಗೆದರೆ, ನಡುವಿನವನು 2028ರಲ್ಲಿ ಫೆಬ್ರವರಿಗೆ 29 ದಿನ ಬರುತ್ತವೆ ಎಂದು ಈಗಿನಿಂದಲೇ ಉತ್ತರ ಕೊಡುತ್ತಾನೆ. ನೋಡುವವರು ಮೊದಲು ನಗುತ್ತಾರೆ, ಆಮೇಲೆ ಮನಸ್ಸಿನಲ್ಲಿಯೇ ತಮ್ಮ ಮನೆಯ ಪಾಳಿಯನ್ನು ಕೂಡಿಸತೊಡಗುತ್ತಾರೆ. ಇಬ್ಬರೇ ಮಕ್ಕಳನ್ನು ಇಟ್ಟುಕೊಂಡರೂ ಲೆಕ್ಕ ಸರಿಹೋಗುವುದಿಲ್ಲ: ಬೆಸ ತಿಂಗಳ ಮಗನಿಗೆ 184 ದಿನ, ಸರಿ ತಿಂಗಳ ಮಗನಿಗೆ 181.

ಈ ಯಂತ್ರಕ್ಕೆ ಇನ್ನೊಂದು ಹಲ್ಲು ಇದೆ. ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂಬ ಪ್ರಮಾಣವನ್ನು ವರ್ಷಕ್ಕೊಮ್ಮೆ ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಇದನ್ನು ಬೆರಳಚ್ಚಿನಿಂದ ಕೊಡುವ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ 2014ರ ನವೆಂಬರಿನಲ್ಲಿ ಬಂದಿತು. ಹೊಲದ ಕೆಲಸ, ಒಲೆಯ ಕೆಲಸ ಮಾಡಿ ಸವೆದ ಮುದುಕರ ಹೆಬ್ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಈಗ ಲೆಕ್ಕ ನೋಡಿರಿ: ನವೆಂಬರ್ ಬಂದದ್ದು ನಡುವಿನವನ ಪಾಳಿಗೆ, ಅವನು ಪುಣೆಯಲ್ಲಿ ಇರುವವನು, ತನ್ನ ಪಾಳಿಯ ಉಳಿದ ತಿಂಗಳುಗಳಲ್ಲಿ ಅಣ್ಣನಿಗೆ ಹಣ ಕಳಿಸಿ ಕೈತೊಳೆದುಕೊಳ್ಳುವವನು. ಆದರೂ ನವೆಂಬರಿನಲ್ಲಿ ಮೂವರೂ ಅವ್ವನನ್ನು ಬ್ಯಾಂಕಿಗೆ ಕರೆದೊಯ್ಯಲು ಬರುತ್ತಾರೆ, ಒಬ್ಬ ಅವಳ ಹೆಬ್ಬೆರಳಿಗೆ ಎಣ್ಣೆ ಹಚ್ಚುತ್ತಾನೆ, ಒಬ್ಬ ಒರೆಸುತ್ತಾನೆ, ಒಬ್ಬ ಉಸಿರು ಹಿಡಿದು ಯಂತ್ರ ನೋಡುತ್ತಾನೆ. ವರ್ಷದಲ್ಲಿ ಆ ಒಂದು ದಿನ ಮೂವರು ಮಕ್ಕಳೂ ಅವ್ವನ ಕೈ ಹಿಡಿದಿರುತ್ತಾರೆ. ಇದನ್ನು ಮಾತಿನಲ್ಲಿ ವಿವರಿಸಬೇಡಿರಿ, ಕೈಗಳನ್ನು ಮಾತ್ರ ತೋರಿಸಿರಿ.

ರಂಗಸಜ್ಜಿಕೆಗೆ ಬಾಡಿಗೆಯ ಸೀನುಗಳು ಬೇಕಾಗಿಲ್ಲ. ವಾಟ್ನಿಯಾದ ಒಂದು ಹಳೆಯ ಮನೆ, ಮೂರು ಬಾಗಿಲು, ನಡುವೆ ಒಂದು ಪಡಸಾಲೆ ಸಾಕು. ಮೂರು ಬಾಗಿಲ ಹಿಂದೆ ಮೂರು ಒಲೆಗಳಿವೆ. ಪಡಸಾಲೆ ಮಾತ್ರ ಯಾರ ಪಾಲಿಗೂ ಹೋಗಿಲ್ಲ. ಗೋಡೆಯ ಮೇಲೆ ದೊಡ್ಡ ಅಂಕಿಗಳ ಕ್ಯಾಲೆಂಡರ್, ಕೆಳಗೆ ಅವ್ವನ ಟ್ರಂಕು, ಅದರ ಮೇಲೆ ಮಡಿಸಿದ ಕೌದಿ. ಟ್ರಂಕು ಯಾವ ಬಾಗಿಲ ಮುಂದೆ ಇದೆಯೋ ಆ ಮಗನ ತಿಂಗಳು ಎಂದು ನೋಡುವವರಿಗೆ ಮೊದಲ ಐದು ನಿಮಿಷದಲ್ಲಿ ತಿಳಿಯಬೇಕು. ಆಮೇಲೆ ಬೆಳಕು ಆರಿಸಿ ಟ್ರಂಕು ಸರಿಸಿದರೆ ತಿಂಗಳು ಕಳೆದಂತೆಯೇ.

ಪಾತ್ರಗಳಲ್ಲಿ ಪ್ರತಿಯೊಬ್ಬರಿಗೂ ಕೋರ್ಟಿನಲ್ಲಿ ನಿಲ್ಲುವಷ್ಟು ಒಳ್ಳೆಯ ಕಾರಣ ಕೊಡಿರಿ. ದೊಡ್ಡವನು ಅಪ್ಪನ ದವಾಖಾನೆಯ ಖರ್ಚನ್ನು ಒಬ್ಬನೇ ಹೊತ್ತವನು, ಕಬ್ಬಿನ ಬಿಲ್ಲು ಬಂದಿಲ್ಲ. ನಡುವಿನವನಿಗೆ ಪುಣೆಯಲ್ಲಿ ಇರುವುದು ಒಂದೇ ಕೋಣೆ, ಅವ್ವ ಅಲ್ಲಿಗೆ ಹೋದರೆ ನಾಲ್ಕನೆಯ ಮಹಡಿಯಿಂದ ಕೆಳಗಿಳಿಯಲಾರಳು. ಸಣ್ಣವನು ಊರಲ್ಲಿಯೇ ಇದ್ದು ರಾತ್ರಿ ಹಗಲು ಅವ್ವನ ಕೂಗಿಗೆ ಓಗೊಡುವವನು, ಪಾಳಿ ಯಾರದಿದ್ದರೂ ಏಳುವವನು ಅವನೇ. ಈ ಕಾರಣಗಳು ನಿಜವಾಗಿದ್ದಷ್ಟೂ ಹಾಸ್ಯ ಕಪ್ಪಾಗುತ್ತದೆ. ಒಬ್ಬನನ್ನು ಖಳನನ್ನಾಗಿ ಮಾಡಿದಿರೋ, ಉಳಿದವರೆಲ್ಲ ಬಚಾವಾದರು.

ಸೊಸೆಯರ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ಕಂಪನಿ ನಾಟಕಗಳಲ್ಲಿ ಸೊಸೆ ಎಂದರೆ ಅತ್ತೆಯನ್ನು ಹೊರಗೆ ಹಾಕುವವಳು. ಓಣಿಯಲ್ಲಿ ಕಣ್ಣಿಟ್ಟು ನೋಡಿರಿ: ಮೈ ತೊಳೆಯುವವಳು, ಗುಳಗಿಯ ಹೊತ್ತು ನೆನಪಿಡುವವಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುವವಳು ಸೊಸೆಯೇ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಕಾಯ್ದೆ ಹೇಳದ ಕೆಲಸವನ್ನೆಲ್ಲ ಅವಳು ಮಾಡುತ್ತಾಳೆ, ಕಾಯ್ದೆ ಹೇಳಿದವರು ಪಡಸಾಲೆಯಲ್ಲಿ ಕೂತು ಕ್ಯಾಲೆಂಡರ್ ಎಣಿಸುತ್ತಾರೆ. ಈ ವಿಪರೀತವನ್ನು ದೃಶ್ಯದ ರಚನೆಯಲ್ಲಿಯೇ ಇಡಿರಿ: ಗಂಡಸರ ಪಂಚಾಯ್ತಿ ನಡೆಯುವಷ್ಟು ಹೊತ್ತು ಹಿರಿಸೊಸೆ ಮಾತಿಲ್ಲದೆ ನೀರು ಕಾಯಿಸುತ್ತ, ಸೀರೆ ಹಿಂಡುತ್ತ, ಅವರ ನಡುವೆಯೇ ದಾಟಿ ಹೋಗುತ್ತಿರಲಿ. ಅವಳ ಮೊದಲ ಮಾತು ನಾಟಕದ ಅರ್ಧ ಕಳೆದ ಮೇಲೆ ಬರಲಿ: ‘ಮೂರ ಮನ್ಯಾಗ ಮೂರ ನಮೂನಿ ಗುಳಗಿ ಅದಾವ. ಬಿ.ಪಿ.ದು ಎರಡ ಸಲ ನುಂಗ್ಯಾಳ, ಸಕ್ಕರಿದು ಒಂದೂ ನುಂಗಿಲ್ಲ.’ ಪಾಳಿ ಬದಲಾಗುವಾಗ ಔಷಧದ ಚೀಟಿ ಜೊತೆಗೆ ಹೋಗದೆ ಇರುವುದು ನಮ್ಮಲ್ಲಿ ನಿಜವಾಗಿ ನಡೆಯುವ ಅಪಾಯ. ನಗುತ್ತ ಕೂತವರಿಗೆ ಅದು ತಟ್ಟುವುದು ಹೀಗೆ.

ಮಗಳನ್ನು ಬೆಳಗಾವಿಯಲ್ಲಿ ಇಡಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ, 1956ರ ಪೋಷಣೆಯ ಕಾಯ್ದೆಯಲ್ಲಿ ತಾಯಿತಂದೆಯನ್ನು ಸಲಹುವ ಹೊಣೆಯೂ ಮಗನಷ್ಟೇ ಮಗಳ ಮೇಲಿದೆ. ಅಣ್ಣತಮ್ಮಂದಿರು ಹಕ್ಕುಬಿಡುಗಡೆಗೆ, ಎಂದರೆ ಆ ಭಾಗದ ಮಾತಿನ ಹಕ್ಕಸೋಡ ಪತ್ರಕ್ಕೆ, ಸಹಿ ಮಾಡಿಸಿಕೊಳ್ಳುವಾಗ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದಿದ್ದರು. ಅವ್ವನ ಪಾಳಿಯ ಮಾತು ಬಂದಾಗ ‘ಹೆಣ್ಣಮಕ್ಕಳಿಗೇ ಅವ್ವನ ಮ್ಯಾಲ ಜೀವ ಹೆಚ್ಚ’ ಎನ್ನುತ್ತಾರೆ. ಎರಡೂ ಮಾತನ್ನು ಒಬ್ಬನ ಬಾಯಿಂದಲೇ, ಸುಮಾರು ಇಪ್ಪತ್ತು ನಿಮಿಷದ ಅಂತರದಲ್ಲಿ ಆಡಿಸಿರಿ. ನಡುವೆ ಯಾರೂ ಅದನ್ನು ಎತ್ತಿ ತೋರಿಸಬಾರದು. ನೋಡುವವರು ತಾವೇ ಹಿಡಿಯುತ್ತಾರೆ.

ಕಾಯ್ದೆಯ ಮಾತು ಬಂದಲ್ಲಿ ತಪ್ಪಿಲ್ಲದಂತೆ ಬರೆಯಿರಿ, ಏಕೆಂದರೆ ಹಳ್ಳಿಯಲ್ಲಿ ನಾಟಕದಲ್ಲಿ ಕೇಳಿದ್ದನ್ನು ಜನ ನಂಬಿ ನಡೆಯುತ್ತಾರೆ. 2007ರ ಕಾಯ್ದೆಯ ಪ್ರಕಾರ 60 ವರ್ಷ ತುಂಬಿದವರು ಹಿರಿಯ ನಾಗರಿಕರು. ಪೋಷಣೆಯ ಅರ್ಜಿಯನ್ನು ಉಪವಿಭಾಗಾಧಿಕಾರಿಯ, ನಮ್ಮ ಜನರ ಮಾತಿನ ಏ.ಸಿ. ಸಾಹೇಬರ, ನ್ಯಾಯಮಂಡಳಿಗೆ ಕೊಡಬೇಕು. ಬಾಗಲಕೋಟೆ ಜಿಲ್ಲೆಯವರಿಗೆ ಆ ಕಚೇರಿ ಬಾಗಲಕೋಟೆಯಲ್ಲಿ ಮತ್ತು ಜಮಖಂಡಿಯಲ್ಲಿ ಇದೆ, ವಿಜಯಪುರ ಜಿಲ್ಲೆಯವರಿಗೆ ವಿಜಯಪುರ ಮತ್ತು ಇಂಡಿಯಲ್ಲಿ. ಕಾಯ್ದೆಯಲ್ಲಿ ಹೇಳಿದ ಗರಿಷ್ಠ ಪೋಷಣೆಯ ಮೊತ್ತ ತಿಂಗಳಿಗೆ 10,000 ರೂಪಾಯಿ. 24ನೆಯ ಕಲಮಿನಂತೆ ಹಿರಿಯರನ್ನು ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಇಲ್ಲವೆ ಎರಡೂ ಆಗಬಹುದು. ನಾಟಕಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು 23ನೆಯ ಕಲಮು: ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬಕ್ಷೀಸ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಬಹುದು. ಆ ಷರತ್ತು ಪತ್ರದಲ್ಲಿಯೇ ಬರೆದಿದ್ದರೆ ತಕರಾರು ಕಡಿಮೆ. ಮಾಸ್ತರರು ಸಾಯುವ ಮುಂಚೆ ಮನೆಯ ಬಕ್ಷೀಸ ಪತ್ರದಲ್ಲಿ ಈ ಸಾಲು ಬರೆಸಿದ್ದರೋ ಇಲ್ಲವೋ ಎಂದು ಮಕ್ಕಳು ಕನ್ನಡಕ ಹುಡುಕಿ, ಒಬ್ಬರ ಕೈಯಿಂದ ಒಬ್ಬರು ಪತ್ರ ಕಿತ್ತುಕೊಂಡು ಓದುವ ದೃಶ್ಯ ನಮ್ಮ ತಂಡದಲ್ಲಿ ಚೆನ್ನಾಗಿ ಮೂಡಿತು. ಕನ್ನಡಕ ಸಿಗುವುದಿಲ್ಲ, ಪತ್ರದಲ್ಲಿ ಏನಿದೆ ಎಂದು ಅವ್ವನಿಗೆ ಬಾಯಿಪಾಠ ಬರುತ್ತದೆ, ಅವಳನ್ನು ಯಾರೂ ಕೇಳುವುದಿಲ್ಲ.

ಅವ್ವನ ಪಾತ್ರವನ್ನು ಸಂತಳನ್ನಾಗಿ ಮಾಡಬೇಡಿರಿ. ಅವಳಿಗೂ ಹಟ ಇರಲಿ, ಒಬ್ಬ ಮಗನ ಮೇಲೆ ಪಕ್ಷಪಾತ ಇರಲಿ, ಸಣ್ಣಸೊಸೆಯ ಸಾರಿನ ಬಗ್ಗೆ ಹಿರಿಸೊಸೆಯ ಹತ್ತಿರ ದೂರುವ ಬುದ್ಧಿ ಇರಲಿ. ಪಾಳಿ ಮುಗಿಯುವ ಎರಡು ದಿನ ಮುಂಚೆ ತನ್ನ ಇಳಕಲ್ಲ ಸೀರೆಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿನಲ್ಲಿ ಇಡುವ, ಮಾತಿಲ್ಲದ ಎರಡು ನಿಮಿಷ ಅವಳಿಗೆ ಕೊಡಿರಿ. ನಮ್ಮಲ್ಲಿ ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಅವರು ನಾಟಕದ ಹಿಂದಿನ ದಿನ ಬಂದು ಮಾತು ನೋಡಿಕೊಳ್ಳುತ್ತಾರೆ. ಸೊಸೆಯರ ಪಾತ್ರಕ್ಕೆ ಅದು ನಡೆದೀತು, ಅವ್ವನ ಪಾತ್ರಕ್ಕೆ ನಡೆಯದು. ಆ ಪಾತ್ರಕ್ಕೆ ತಿಂಗಳ ತಾಲೀಮು ಬೇಕು, ಆದ್ದರಿಂದ ಊರಿನವರನ್ನೇ ಆರಿಸಿರಿ. ಕೈ ನಡುಗಿಸುವುದು, ಧ್ವನಿ ಒಡೆಯುವುದು ಬೇಡ. ಏಳುವ ಮುಂಚೆ ಮೊಣಕಾಲ ಮೇಲೆ ಕೈಯೂರಿ ಒಂದು ಕ್ಷಣ ನಿಲ್ಲುವುದನ್ನು, ಹೊಸಿಲು ದಾಟುವಾಗ ಮೊದಲು ಬಾಗಿಲ ಚೌಕಟ್ಟು ಹುಡುಕುವ ಕೈಯನ್ನು ಕಲಿಸಿರಿ. ಅಷ್ಟರಿಂದಲೇ ಎಪ್ಪತ್ತೈದು ವರ್ಷ ಕಾಣುತ್ತದೆ.

ಈಗ ಆ ರಾತ್ರಿ. ಅಕ್ಟೋಬರ್ 31. ದೊಡ್ಡವನ ಪಾಳಿ ಮುಗಿಯಬೇಕು, ನಡುವಿನವನ ಬಸ್ಸು ಪುಣೆಯಿಂದ ಬೆಳಿಗ್ಗೆ ಬರಬೇಕು. ಅವ್ವನ ಟ್ರಂಕು ದೊಡ್ಡವನ ಬಾಗಿಲಿನಿಂದ ಹೊರಬಂದಿದೆ, ನಡುವಿನವನ ಬಾಗಿಲಿಗೆ ಬೀಗ ಇದೆ. ಅವ್ವ ಪಡಸಾಲೆಯಲ್ಲಿ ಕೂತಿದ್ದಾಳೆ. ಇಲ್ಲಿ ಸಂಭಾಷಣೆ ಸಣ್ಣದಿರಲಿ:

‘ರಾತ್ರಿ ಊಟ ಯಾರ ಮನ್ಯಾಗ?’
‘ಹನ್ನೆರಡಕ್ಕ ನಂದು ಮುಗೀತು.’
‘ಈಗಿನ್ನೂ ಒಂಬತ್ತ ಆಗೇತಿ.’
‘ಆಕಿ ಉಣ್ಣೂದ ತಡಾ.’

ಇದಕ್ಕೆ ನಗು ಬರುತ್ತದೆ, ಬರಲಿ. ಆಮೇಲೆ ದೀಪ ಆರುತ್ತದೆ. ಕತ್ತಲಲ್ಲಿ ನೀರು ಕುಡಿಯಲು ಎದ್ದ ಅವ್ವ ತನ್ನ ಟ್ರಂಕಿಗೇ ಎಡವಿ ಬೀಳುತ್ತಾಳೆ. ಬೀಳುವುದನ್ನು ತೋರಿಸಬೇಡಿರಿ, ತಂಬಿಗೆ ಉರುಳುವ ಸಪ್ಪಳ ಸಾಕು. ಬೆಳಕು ಬಂದಾಗ ಗಡಿಯಾರ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿರಲಿ, ಮೂವರ ಪೈಕಿ ಇಬ್ಬರು ಮಕ್ಕಳು ಮೊದಲು ಅವ್ವನನ್ನೂ ಮರುಕ್ಷಣ ಗಡಿಯಾರವನ್ನೂ ನೋಡಲಿ. ನಾಟಕದ ಕೊನೆಯ ನಗು ಇದು, ಇದರ ಮುಂದೆ ಒಂದೂ ಇರಬಾರದು.

ಬಿದ್ದ ಮುದುಕರನ್ನು ರಂಗದ ಮೇಲೆ ಹೇಗೆ ಎತ್ತುತ್ತೀರಿ ಎಂಬುದನ್ನು ಜನ ನೆನಪಿನಲ್ಲಿಡುತ್ತಾರೆ. ಮಕ್ಕಳು ರಟ್ಟೆ ಹಿಡಿದು ಎಳೆದು ನಿಲ್ಲಿಸಲು ಹೋಗಲಿ, ಹಿರಿಸೊಸೆ ತಡೆಯಲಿ. ಒಂದು ಕಾಲು ಗಿಡ್ಡವಾಗಿ ಹೊರಗೆ ತಿರುಗಿದ್ದರೆ ತೊಡೆಯ ಸಂಧಿಯ ಎಲುಬು ಮುರಿದಿರುವ ಸಂಭವ ಹೆಚ್ಚು. ಅಂಥವರನ್ನು ನಿಲ್ಲಿಸಬಾರದು, ನಡೆಸಬಾರದು, ಇದ್ದಲ್ಲಿಯೇ ಕೌದಿ ಹೊದಿಸಿ 108ಕ್ಕೆ ಕರೆ ಮಾಡಬೇಕು. ಸೊಸೆ ಇದನ್ನೆಲ್ಲ ಉಪದೇಶದಂತೆ ಹೇಳದೆ ಮಾಡಿಯೇ ತೋರಿಸಲಿ. ಆಂಬ್ಯುಲೆನ್ಸಿನವನು ಒಂದೇ ಪ್ರಶ್ನೆ ಕೇಳುತ್ತಾನೆ: ‘ಜೋಡಿ ಯಾರ ಬರ್ತೀರಿ?’ ಆ ಪ್ರಶ್ನೆಯ ನಂತರ ನಟರು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ಹುಡುಗರಿಗೆ ಮೌನ ಎಂದರೆ ಮಾತು ಮರೆತಂತೆ ಅನ್ನಿಸುತ್ತದೆ, ಅವಸರ ಮಾಡುತ್ತಾರೆ. ತಾಲೀಮಿನಲ್ಲಿ ಈ ಒಂದು ಜಾಗವನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಲ ಮಾಡಿಸುತ್ತೇನೆ. ಹಿರಿಸೊಸೆ ಕೈ ಒರೆಸಿಕೊಂಡು ಹತ್ತುತ್ತಾಳೆ. ಬೆಳಗಾಗುತ್ತದೆ, ನವೆಂಬರ್ 1, ಶಾಲೆಯ ಕಡೆಯಿಂದ ರಾಜ್ಯೋತ್ಸವದ ಧ್ವನಿವರ್ಧಕ ಕೇಳುತ್ತದೆ. ನಡುವಿನವನು ಚೀಲ ಹಿಡಿದು ಬಂದು, ಪಡಸಾಲೆಯ ನಡುವೆ ಟ್ರಂಕು ನೋಡಿ, ಬೀಗ ತೆಗೆದು, ಅದನ್ನು ಒಳಗೆ ಒಯ್ಯುತ್ತಾನೆ. ‘ಅವ್ವ ಎಲ್ಲಿ?’ ಎಂದು ಆಮೇಲೆ ಕೇಳುತ್ತಾನೆ. ಪರದೆ.

ಆಡಿಸುವ ದಿನದ ಬಗ್ಗೆ ಕೆಲವು ಮಾತು. ನಮ್ಮ ಕಡೆ ನಾಟಕ ರಾತ್ರಿ ಹತ್ತಕ್ಕೆ ಶುರುವಾಗಿ ನಸುಕಿನವರೆಗೆ ನಡೆಯುತ್ತದೆ. ಇದನ್ನು ಎಂಟಕ್ಕೆ ಶುರು ಮಾಡಿ ಎರಡು ತಾಸಿನಲ್ಲಿ ಮುಗಿಸಿರಿ, ಜಾತ್ರಾ ಕಮಿಟಿಯವರಿಗೆ ಮುಂಚೆಯೇ ಹೇಳಿಡಿರಿ. ಹಿರಿಯರು ತಾಡಪತ್ರಿಯ ಮೇಲೆ ಕೂತರೆ ಏಳಲು ಆಗುವುದಿಲ್ಲ. ಮುಂದಿನ ಎರಡು ಸಾಲು ಕೈ ಇರುವ ಕುರ್ಚಿಗಳನ್ನು ಅವರಿಗೆ ಇಡಿರಿ. ಪರದೆ ಏಳುವ ಮುಂಚೆ ಹಿರಿಯ ನಾಗರಿಕರ ಸಹಾಯವಾಣಿ 14567 ಎಂದು ಮೈಕಿನಲ್ಲಿ ಎರಡು ಸಲ ಹೇಳಿರಿ, ನಾಟಕ ಮುಗಿದ ಮೇಲೆ ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ. ನಡುವೆ ದ್ವಂದ್ವಾರ್ಥದ ಹಾಸ್ಯ ಸೇರಿಸಿರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಒಪ್ಪಬೇಡಿರಿ.

ಟ್ರಂಕನ್ನು ಯಾರದಾದರೂ ಮನೆಯಿಂದ ಕೇಳಿ ತಂದಿರುತ್ತೀರಿ. ಅದರೊಳಗೆ ಇದ್ದದ್ದನ್ನು ತೆಗೆಯುವ ಮುಂಚೆ ಯಾವ ಸೀರೆ ಯಾವುದರ ಮೇಲೆ ಇತ್ತು ಎಂದು ನೋಡಿಟ್ಟುಕೊಂಡು, ನಾಟಕ ಮುಗಿದ ರಾತ್ರಿಯೇ ಅದೇ ಕ್ರಮದಲ್ಲಿ ತುಂಬಿ, ಅದರ ಒಡತಿಯ ಕೈಗೇ ಮುಟ್ಟಿಸಿ ಬನ್ನಿರಿ.